ಬಿಡುವಿನ ವೇಳೆ: ಅವ್ವನ ದನಿಗೊಂದು ಅಂಕೆ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಮನೆಯ ಹಿರಿಯರು ಹಾಡುವ ಹಾಡುಗಳನ್ನು ನಾವೇ ಏಕೆ ಧ್ವನಿಮುದ್ರಿಸಿ ಇಟ್ಟುಕೊಳ್ಳಬಾರದು ಎಂದು ನಾಲ್ಕು ಮಾತು ಬರೆದಿದ್ದೆನಷ್ಟೆ. ಬರೆದವನು ಮರೆತರೂ ವಾಚಕರು ಮರೆಯುವುದಿಲ್ಲ. ಸಂಘದ ಮೊನ್ನೆಯ ಸಮಾರಂಭದಲ್ಲಿ ಕಲ್ಯಾಣದ ಹಿರಿಯರೊಬ್ಬರು ನನ್ನನ್ನು ಮೂಲೆಗೆ ಕರೆದು, "ನಿಮ್ಮ ಮಾತು ನಂಬಿ ಮೈಕು ಕೊಂಡೆ ಸ್ವಾಮೀ. ನನ್ನಾಕೆ ಹಾಡಿದ್ದು ಒಮ್ಮೆ ಗುಡುಗು, ಒಮ್ಮೆ ಪಿಸುಮಾತು. ಅದಕ್ಕೆ ಕಂಪ್ರೆಸರ್ ಬೇಕೆಂದು ಮೊಮ್ಮಗ ಹೇಳುತ್ತಾನೆ. ಯಾವುದು ಅಗ್ಗ, ಯಾವುದು ಒಳ್ಳೆಯದು?" ಎಂದು ಕೇಳಿದರು. ಐರೋಲಿಯ ಒಬ್ಬ ತಾಯಿಯವರದೂ ಇದೇ ಪ್ರಶ್ನೆ. ಅವರ ಮಗ ಮನೆಯಲ್ಲಿಯೇ ಕುಳಿತು ಭಾವಗೀತೆ ಹಾಡಿ ಮುದ್ರಿಸುತ್ತಾನಂತೆ. ಹುಟ್ಟುಹಬ್ಬಕ್ಕೆ ಕಂಪ್ರೆಸರೇ ಬೇಕೆಂದು ಹಠ ಹಿಡಿದಿದ್ದಾನಂತೆ.

ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಅರ್ಹನೆಂದಲ್ಲ. ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತ ನಾನು. ಆದರೆ ಈ ವಿಷಯದಲ್ಲಿ ದುಡ್ಡು ಕಳೆದುಕೊಳ್ಳುವ ಅಂಚಿನವರೆಗೆ ಹೋಗಿ ಹಿಂತಿರುಗಿದವನಾದ್ದರಿಂದ, ಆ ದಾರಿಯ ಗುಂಡಿಗಳು ಎಲ್ಲಿವೆ ಎಂಬುದನ್ನಷ್ಟು ಹೇಳಬಲ್ಲೆ.

ನಮ್ಮ ಮನೆಯಲ್ಲಿ ಈ ಶಬ್ದ ಮೊದಲು ಕೇಳಿಬಂದಾಗ ಆದದ್ದು ಇಷ್ಟು. ಊಟದ ಹೊತ್ತಿನಲ್ಲಿ ನಾನು ಮೆಲ್ಲಗೆ, "ಒಂದು ಕಂಪ್ರೆಸರ್ ತರಬೇಕೆಂದಿದ್ದೇನೆ" ಎಂದೆ. ನನ್ನಾಕೆ ಕೈಯಲ್ಲಿದ್ದ ಸಟ್ಟುಗವನ್ನು ಹಾಗೆಯೇ ಹಿಡಿದುಕೊಂಡು, "ಅಲ್ಲರೀ, ಹ್ವಾದ ತಿಂಗಳರೆ ಫ್ರಿಜ್ಜಿಗೆ ಗ್ಯಾಸ್ ತುಂಬಿಸೀವಿ. ಮತ್ತ ಕೆಟ್ಟತೇನು?" ಎಂದಳು. ಫ್ರಿಜ್ಜಿನದಲ್ಲ, ಧ್ವನಿಯದು ಎಂದು ವಿವರಿಸುವಷ್ಟರಲ್ಲಿ ಅನ್ನ ಆರಿತು. ಬೆಲೆ ಹೇಳುವಷ್ಟರಲ್ಲಿ ಸಾರೂ ಆರಿತು.

ಇಷ್ಟಕ್ಕೂ ನನಗೆ ಅದು ಬೇಕಾದದ್ದು ಏಕೆ? ನಮ್ಮ ಅವ್ವ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯವಳು. ಅಪ್ಪ ತೀರಿಕೊಂಡ ಮೇಲೆ ಡೊಂಬಿವಲಿಯಲ್ಲಿ ನಮ್ಮೊಡನೆ ಇದ್ದಾಳೆ. ವಯಸ್ಸು ಎಪ್ಪತ್ತಾರು. ಬೀಸುವ ಕಲ್ಲಿನ ಮುಂದೆ ಕುಳಿತು ಕಲಿತ ತ್ರಿಪದಿಗಳು, ಸೋಬಾನದ ಪದಗಳು, ಮಗಳನ್ನು ಒಪ್ಪಿಸಿಕೊಡುವ ಹಾಡು, ಇವೆಲ್ಲ ಅವಳ ನಾಲಗೆಯ ಮೇಲೆ ಇದ್ದವು. ಇದ್ದವು ಎಂದು ಬರೆಯುವಾಗ ಕೈ ತಡೆಯುತ್ತದೆ. ಕಳೆದ ದೀಪಾವಳಿಯಿಂದ ಅವ್ವ ಹಾಡುತ್ತ ಹಾಡುತ್ತ ಒಂದು ನುಡಿ ಬಿಟ್ಟು ಮುಂದಿನದಕ್ಕೆ ಹೋಗತೊಡಗಿದ್ದಾಳೆ. ಬಿಟ್ಟದ್ದು ಅವಳಿಗೆ ಗೊತ್ತಾಗುವುದಿಲ್ಲ. ಕೇಳುವ ನಮಗೂ ಗೊತ್ತಾಗುವುದಿಲ್ಲ, ಏಕೆಂದರೆ ನಾವು ಕಲಿತೇ ಇಲ್ಲ.

ಅವ್ವನ ಸೀಮೆಯವರೇ ಆದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ಬಾಯಿಂದ ಇಂತಹ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ಹೊರತಂದರೆಂಬುದು ನಮಗೆಲ್ಲ ತಿಳಿದದ್ದೇ. ಅವರು ಮಾಡಿದ್ದು ದೊಡ್ಡ ಕೆಲಸ. ಆದರೆ ಕಾಗದದ ಮೇಲೆ ಮಾತು ನಿಲ್ಲುತ್ತದೆ, ದನಿ ನಿಲ್ಲುವುದಿಲ್ಲ. ಹಾಡಿದ ಆ ತಾಯಂದಿರ ಉಸಿರು ಎಲ್ಲಿ ಎಳೆಯಿತು, ಎಲ್ಲಿ ಕಂಪಿಸಿತು ಎಂಬುದು ಅವರೊಡನೆಯೇ ಹೋಯಿತು. ಅವರ ಕಾಲದಲ್ಲಿ ಧ್ವನಿ ಹಿಡಿಯುವ ಯಂತ್ರ ದೊಡ್ಡ ಕಂಪನಿಗಳಲ್ಲಿ ಮಾತ್ರ ಇತ್ತು. ಇಂದು ಅದು ನಮ್ಮ ನಿಮ್ಮ ಜೇಬಿನಲ್ಲಿಯೇ ಇದೆ. ಇದ್ದೂ ಹಿಡಿಯದಿದ್ದರೆ ತಪ್ಪು ಯಾರದು?

ಹೀಗೆಂದುಕೊಂಡು ಒಂದು ಮೈಕು ತಂದು, ಗಣಕಯಂತ್ರಕ್ಕೆ ಜೋಡಿಸಿ, ಅವ್ವನನ್ನು ಕೂರಿಸಿ ಹಾಡಿಸಿದೆ. ಅವಳ ರೀತಿ ಏನೆಂದರೆ, ನುಡಿಯ ಮೊದಲನ್ನು ಹೊಲದ ಆಚೆ ಬದುವಿನವರಿಗೆ ಕೇಳುವಂತೆ ಎತ್ತುತ್ತಾಳೆ. ಕೊನೆಯನ್ನು ತನಗೆ ತಾನೇ ಹೇಳಿಕೊಳ್ಳುವಂತೆ ಇಳಿಸುತ್ತಾಳೆ. ಮುದ್ರಿಕೆಯನ್ನು ಊರಿನಲ್ಲಿರುವ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಫೋನಿನಲ್ಲಿ ಕಳಿಸಿದೆ. ಬಿಟ್ಟ ನುಡಿ ಯಾವುದೆಂದು ಹೇಳಬಲ್ಲವಳು ಅವಳೊಬ್ಬಳೇ. ಅವಳು ಕೇಳಿ, "ತಮ್ಮಾ, ಮದಲ ಕೇಳತೈತಿ, ಕಡೀಕ ಏನ ಅಂತಾಳ ತಿಳೀವಲ್ತು" ಎಂದಳು. ದನಿ ಹೆಚ್ಚಿಸಿದರೆ ಮೊದಲಿನದು ಕಿವಿಗೆ ಬಡಿಯುತ್ತದೆ, ತಗ್ಗಿಸಿದರೆ ಕೊನೆಯದು ಮಾಯ. ಈ ತೊಡಕಿಗೆ ಮದ್ದೇ ಕಂಪ್ರೆಸರ್ ಎಂದು ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆ.

ತೊಡಕು ಹೊಸದಲ್ಲ. 1902ರಲ್ಲಿ ಗೌಹರ್ ಜಾನ್ ಅವರು ಕಲಕತ್ತೆಯಲ್ಲಿ ಗ್ರಾಮೊಫೋನ್ ತಟ್ಟೆಗೆ ಹಾಡಿದರು. ಆಕೆ ಕೊನೆಗೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಕಾಲದಲ್ಲಿ ಮೈಕು ಇರಲಿಲ್ಲ. ಹಾಡುಗಾರರು ದೊಡ್ಡದೊಂದು ಕಹಳೆಯೊಳಗೆ ಹಾಡಬೇಕಾಗಿತ್ತು. ದನಿ ಏರಿಸುವಾಗ ತಲೆಯನ್ನು ಹಿಂದೆಳೆದು, ಇಳಿಸುವಾಗ ಮುಂದೆ ಬಾಗುವುದು ಆಗಿನ ಗಾಯಕರ ಅಭ್ಯಾಸ. ಮೈಕು ಬಂದ ಮೇಲೂ ಒಳ್ಳೆಯ ಹಾಡುಗಾರರು ಈ ಪಾಠ ಬಿಡಲಿಲ್ಲ. ನಮ್ಮ ಗಂಗೂಬಾಯಿ ಹಾನಗಲ್ಲರ ಹಾಡುಗಳು 1930ರ ದಶಕದಲ್ಲಿ ಎಚ್.ಎಂ.ವಿ. ತಟ್ಟೆಗಳ ಮೇಲೆ 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು. ಅಷ್ಟರೊಳಗೆ ರಾಗ ಬಿಡಿಸುವುದರೊಡನೆ ದನಿಯ ಅಳತೆಯನ್ನೂ ನೋಡಿಕೊಳ್ಳಬೇಕಿತ್ತು. ಇನ್ನು ರೇಡಿಯೊ ನಿಲಯಗಳಲ್ಲಿ ಗಾಜಿನ ಆಚೆ ಕುಳಿತ ಒಬ್ಬಾತ ಗುಂಡಿಯ ಮೇಲೆ ಕೈಯಿಟ್ಟುಕೊಂಡು, ದನಿ ಏರಿದಾಗ ತಗ್ಗಿಸಿ, ಇಳಿದಾಗ ಹೆಚ್ಚಿಸಿ ಸರಿದೂಗಿಸುತ್ತಿದ್ದ. ಆ ಮನುಷ್ಯನ ಕೈ ಮಾಡುತ್ತಿದ್ದುದನ್ನು ಯಂತ್ರವೇ ಮಾಡಿದರೆ ಅದಕ್ಕೆ ಕಂಪ್ರೆಸರ್ ಎಂದು ಹೆಸರು. 1930ರ ದಶಕದಲ್ಲಿ ಪಾಶ್ಚಾತ್ಯ ರೇಡಿಯೊದವರು ತಮ್ಮ ಪ್ರಸಾರ ಯಂತ್ರಗಳನ್ನು ಮಿತಿಮೀರಿದ ದನಿಯಿಂದ ಕಾಪಾಡಲು ಇದನ್ನು ಬಳಸತೊಡಗಿದರು. ಮುಂದೆ ಹಾಡು ಮುದ್ರಿಸುವವರೂ ಅದನ್ನು ಕೈಗೆತ್ತಿಕೊಂಡರು.

ಇದರ ಕೆಲಸ ಹೇಗೆಂಬುದನ್ನು ತಿಳಿಯಲು ಪದಾರ್ಥ ವಿಜ್ಞಾನ ಬೇಡ. ಸಂಬಳದಾರರಿಗೆ ಆದಾಯ ತೆರಿಗೆ ತಿಳಿದಿದ್ದರೆ ಸಾಕು. ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂಬ ಒಂದು ಗಡಿ ಇರುತ್ತದಲ್ಲವೆ? ಕಂಪ್ರೆಸರಿನಲ್ಲಿಯೂ ಅಂಥ ಗಡಿಯೊಂದಿದೆ, ಅದು ತ್ರೆಶೋಲ್ಡ್. ದನಿ ಆ ಗಡಿಯ ಕೆಳಗಿದ್ದರೆ ಯಂತ್ರ ಮುಟ್ಟುವುದಿಲ್ಲ. ಮೇಲೆ ಹೋದರೆ, ಹೋದಷ್ಟರಲ್ಲಿ ಮಾತ್ರ ಒಂದು ಪಾಲು ಮುರಿದುಕೊಳ್ಳುತ್ತದೆ. ಎಷ್ಟು ಮುರಿಯಬೇಕು ಎಂಬುದು ತೆರಿಗೆಯ ದರ. ಅದಕ್ಕೆ ರೇಷಿಯೊ ಎಂದು ಹೆಸರು. 3ಕ್ಕೆ 1 ಎಂದಿಟ್ಟರೆ, ಗಡಿಯನ್ನು 18 ಡೆಸಿಬೆಲ್ ಮೀರಿದ ದನಿ 6 ಡೆಸಿಬೆಲ್ ಮಾತ್ರ ಮೀರಿದಂತೆ ಹೊರಬರುತ್ತದೆ. ಗಡಿ ದಾಟಿದ್ದನ್ನು ಎಷ್ಟು ಬೇಗ ಹಿಡಿಯಬೇಕು ಎಂಬುದಕ್ಕೆ ಅಟ್ಯಾಕ್, ಮತ್ತೆ ಕೆಳಗಿಳಿದ ಮೇಲೆ ಎಷ್ಟು ಬೇಗ ಬಿಡಬೇಕು ಎಂಬುದಕ್ಕೆ ರಿಲೀಸ್. ಹೀಗೆ ಮುರಿದುಕೊಂಡ ಮೇಲೆ ಒಟ್ಟು ದನಿ ಸಣ್ಣದಾಗುತ್ತದೆಯಾದ್ದರಿಂದ ಎಲ್ಲವನ್ನೂ ಸಮನಾಗಿ ಎತ್ತುವುದು ಮೇಕಪ್. ಇದನ್ನು ನಾನು ತುಟ್ಟಿಭತ್ಯೆ ಎಂದು ನೆನಪಿಟ್ಟುಕೊಂಡಿದ್ದೇನೆ. ಬಡವನಿಗೆ ತೆರಿಗೆ ಇಲ್ಲ, ಭತ್ಯೆ ಮಾತ್ರ ಸಿಕ್ಕಿತು. ಹೀಗಾಗಿ ಮೆಲುದನಿ ಮೇಲೆ ಬಂತು. ಯಂತ್ರದ ಗುಟ್ಟು ಇಷ್ಟೇ.

ಗುಟ್ಟು ತಿಳಿದ ಮೇಲೆ ಯಂತ್ರ ಕೊಳ್ಳುವ ಆಸೆ ಹೆಚ್ಚಿತು. ಅವ್ವನ ಔಷಧೋಪಚಾರಕ್ಕೆಂದು ಎತ್ತಿಟ್ಟಿದ್ದ ಹದಿನೆಂಟು ಸಾವಿರ ರೂಪಾಯಿ ಇತ್ತು. ಅವ್ವನಿಗಾಗಿ ಇಟ್ಟದ್ದು ಅವ್ವನ ಹಾಡಿಗೆ ಖರ್ಚಾದರೆ ತಪ್ಪೇನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. 2020ರಿಂದ ರಾಜ್ಯ ಸರಕಾರದ ಕಚೇರಿಗಳಿಗೆ ಶನಿವಾರ ರಜೆಯಾಗಿದೆಯಷ್ಟೆ. ಒಂದು ಶನಿವಾರ ಫಾಸ್ಟ್ ಲೋಕಲ್ ಹಿಡಿದು ದಾದರಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿಳಿದೆ. ಲ್ಯಾಮಿಂಗ್ಟನ್ ರೋಡು ಅಲ್ಲಿಂದ ಹತ್ತಿರ. ಅದರ ಹೆಸರು ಡಾ. ಭಡಕಮ್ಕರ ಮಾರ್ಗ ಎಂದಾದರೂ, ತಂತಿ, ಸ್ಪೀಕರು, ಗಣಕಯಂತ್ರದ ಬಿಡಿಭಾಗ ಹುಡುಕುವವರ ಬಾಯಲ್ಲಿ ಇನ್ನೂ ಲ್ಯಾಮಿಂಗ್ಟನ್ ರೋಡೇ.

ಅಂಗಡಿಯಲ್ಲಿ ಕರಿಯ ಡಬ್ಬವೊಂದನ್ನು ನೋಡಿದೆ. ಸಾಲಾಗಿ ಗುಂಡಿಗಳು, ಹಸಿರು ಕೆಂಪು ದೀಪಗಳು. ಡಿ.ಬಿ.ಎಕ್ಸ್. ಕಂಪನಿಯ 266 ಎಕ್ಸ್.ಎಸ್. ಎಂಬ ಜಾತಿಯದು. ಕೈ ಜೇಬಿಗೆ ಹೋಗಿತ್ತು. ಅಷ್ಟರಲ್ಲಿ ಅಂಗಡಿಯ ಮುದುಕರು, "ಇದನ್ನು ಏತಕ್ಕೆ ಜೋಡಿಸುತ್ತೀರಿ?" ಎಂದು ಮರಾಠಿಯಲ್ಲಿ ಕೇಳಿದರು. "ಗಣಕಯಂತ್ರಕ್ಕೆ ನೇರವಾಗಿ ಸಿಕ್ಕಿಸುವ ಯು.ಎಸ್.ಬಿ. ಮೈಕು ಇದೆ" ಎಂದೆ. ಅವರು ಡಬ್ಬವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಅಂಥ ಮೈಕಿನಲ್ಲಿ ದನಿ ಅಂಕೆ ಸಂಖ್ಯೆಯಾಗಿ ಬದಲಾಗುವುದು ಮೈಕಿನ ಹೊಟ್ಟೆಯೊಳಗೆಯೇ. ನಡುವೆ ಈ ಡಬ್ಬವನ್ನು ತೂರಿಸಲು ಜಾಗವೇ ಇಲ್ಲ. ಬೇರೆ ಬಗೆಯ ಮೈಕು ತಂದರೂ ಸಾಲದು. ಈ ಡಬ್ಬಕ್ಕೆ ಮೈಕಿನ ಸಣ್ಣ ವಿದ್ಯುತ್ತು ಸಾಕಾಗುವುದಿಲ್ಲ, ಮೊದಲು ಪ್ರೀಆಂಪ್ ಬೇಕು, ಆಮೇಲೆ ಗಣಕಕ್ಕೆ ಸೇರಿಸುವ ಇಂಟರ್‌ಫೇಸ್ ಬೇಕು, ತಂತಿಗಳು ಬೇಕು. ಹದಿನೆಂಟು ಸಾವಿರ ಎಲ್ಲಿಗೆ ಮುಟ್ಟೀತು? ಅವರು ಇನ್ನೂ ಒಂದು ಮಾತು ಹೇಳಿದರು: ಮುದ್ರಿಸುವಾಗಲೇ ಒತ್ತಿದ ದನಿಯನ್ನು ಆಮೇಲೆ ಬಿಡಿಸಲಾಗದು; ಮನೆಯಲ್ಲಿ ಮುದ್ರಿಸುವವರು ಮೊದಲು ಹಾಗೆಯೇ ಮುದ್ರಿಸಿಕೊಂಡು, ಒತ್ತುವುದನ್ನು ಆಮೇಲೆ ಗಣಕದಲ್ಲಿ ಮಾಡುವುದು ಲೇಸು. ಮಾಲು ಮಾರದೆ ಬುದ್ಧಿ ಹೇಳಿ ಕಳಿಸಿದ ಆ ಹಿರಿಯರಿಗೆ ನಾನು ಋಣಿ.

ಆದ್ದರಿಂದ ವಾಚಕರ ಪ್ರಶ್ನೆಗೆ ನನ್ನ ಮೊದಲ ಉತ್ತರ: ಅಗ್ಗದ ಕಂಪ್ರೆಸರ್ ಯಾವುದೆಂದರೆ ಪುಕ್ಕಟೆಯದು. ಆಡಾಸಿಟಿ ಎಂಬ ತಂತ್ರಾಂಶ 2000ದಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಅದರ ಎಫೆಕ್ಟ್ ಪಟ್ಟಿಯಲ್ಲಿ ಕಂಪ್ರೆಸರ್ ಇದ್ದೇ ಇದೆ. 2024ರಲ್ಲಿ ಬಂದ 3.6ನೆಯ ಆವೃತ್ತಿಯಲ್ಲಿ ಅದನ್ನು ಹೊಸದಾಗಿ ಮಾಡಿದ್ದಾರೆ. ದನಿಯ ಏರಿಳಿತ ಎಷ್ಟು ತಗ್ಗಿತೆಂಬುದನ್ನು ಕಣ್ಣಿಗೆ ತೋರಿಸುತ್ತದೆ. ಆ್ಯಪಲ್ ಗಣಕ ಇದ್ದವರಿಗೆ ಗ್ಯಾರೇಜ್‌ಬ್ಯಾಂಡಿನಲ್ಲಿಯೇ ಒಂದಿದೆ. ಐರೋಲಿಯ ತಾಯಿಯವರ ಮಗನಂತೆ ಇನ್ನೂ ಮುಂದೆ ಹೋಗಬಯಸುವ ತರುಣರಿಗೆ ರಿಯಾಕಾಂಪ್, ಟೋಕಿಯೊ ಡಾನ್ ಅವರ ಕೋಟೆಲ್ನಿಕೋವ್, ಕ್ಲಾಂಗ್‌ಹೆಲ್ಮ್ ಅವರ ಡಿ.ಸಿ.1ಎ ಎಂಬ ಪ್ಲಗಿನ್ನುಗಳು ದುಡ್ಡಿಲ್ಲದೆ ಸಿಗುತ್ತವೆ. ಡಿ.ಸಿ.1ಎಯಲ್ಲಿ ಮುಖ್ಯವಾಗಿ ಎರಡೇ ಗುಂಡಿಗಳು, ಹೊಸಬರಿಗೆ ಹಗುರ. ಹುಟ್ಟುಹಬ್ಬಕ್ಕೆ ಕಂಪ್ರೆಸರ್ ಬದಲು ಒಳ್ಳೆಯ ಹೆಡ್‌ಫೋನ್ ಕೊಡಿಸಿರೆಂದು ಆ ತಾಯಿಯವರಲ್ಲಿ ನನ್ನ ವಿನಂತಿ. ಸರಿಯಾಗಿ ಕೇಳಿಸದವನು ಸರಿಯಾಗಿ ಒತ್ತಲಾರ.

ಪುಕ್ಕಟೆ ಸಿಕ್ಕಿತೆಂದು ಬೇಕಾದಂತೆ ಬಳಸಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಅವ್ವನ ಮುದ್ರಿಕೆಯಲ್ಲಿ ಜೋರಿನ ಮಾತು ಗಣಕದ ಅಳತೆಯಲ್ಲಿ ಮೈನಸ್ 6 ಡೆಸಿಬೆಲ್ಲಿನಲ್ಲಿತ್ತು, ಮೆಲುಮಾತು ಮೈನಸ್ 30ರಲ್ಲಿ. ಈ ಅಳತೆಯಲ್ಲಿ ಸೊನ್ನೆಯೇ ಛಾವಣಿ. ಉಳಿದದ್ದೆಲ್ಲ ಅದರ ಕೆಳಗೆ. ನಡುವಿನ ಅಂತರ 24 ಡೆಸಿಬೆಲ್. ನಾನು ಉತ್ಸಾಹದಲ್ಲಿ ಗಡಿಯನ್ನು ಮೈನಸ್ 30ಕ್ಕೆ ಇಳಿಸಿ, ದರವನ್ನು 8ಕ್ಕೆ 1 ಎಂದಿಟ್ಟೆ. ಅಂತರ 24 ಇದ್ದದ್ದು 3ಕ್ಕೆ ಬಂತು. ಅಷ್ಟನ್ನೂ 21 ಡೆಸಿಬೆಲ್ ಮೇಲೆತ್ತಿ ಚಿಗವ್ವನಿಗೆ ಕಳಿಸಿದೆ.

ಹತ್ತು ನಿಮಿಷದಲ್ಲಿ ಫೋನು ಬಂತು. "ತಮ್ಮಾ, ಅಕ್ಕ ಯಾಕೋ ಒದರಾಕತ್ತಾಳ? ಮನ್ಯಾಗ ಏನರೆ ಜಗಳ ಆತೇನು?" ನನ್ನ ಮಗಳೂ, "ಅಪ್ಪಾ, ಅಜ್ಜಿ ಸಿಟ್ಟಿನಿಂದ ಹಾಡ್ತಾಳೆ, ರಾಗಾವ್ತೆ" ಎಂದು ಕನ್ನಡ ಮರಾಠಿ ಬೆರೆಸಿ ತೀರ್ಪು ಕೊಟ್ಟಳು. ಅದು ಮಗಳನ್ನು ಅತ್ತೆಮನೆಗೆ ಒಪ್ಪಿಸುವ ಹಾಡು. ಅದರಲ್ಲಿ ದನಿ ಇಳಿಯುವ ಕಡೆಯೇ ತಾಯಿಯ ಕರುಳು ಇರುವುದು. ನಾನು ಆ ಇಳಿತವನ್ನೇ ಅಳಿಸಿಹಾಕಿದ್ದೆ. ಸಾಲದ್ದಕ್ಕೆ ಮೇಲೆತ್ತಿದ 21 ಡೆಸಿಬೆಲ್ಲಿನೊಡನೆ ನಮ್ಮ ಮನೆಯ ಪಂಖೆ, ಪಕ್ಕದ ಮನೆಯ ಕುಕ್ಕರಿನ ಶೀಟಿ, ಕಲ್ಯಾಣದ ಕಡೆ ಹೋಗುವ ಲೋಕಲ್ಲು, ಎಲ್ಲವೂ ಮೇಲೆದ್ದು ಬಂದಿದ್ದವು. ಅವ್ವನ ಎರಡು ಮಾತಿನ ನಡುವೆ ಪಂಖೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ಭತ್ಯೆ ಕೊಡುವಾಗ ದುಡಿಯುವವರಿಗೂ ದುಡಿಯದವರಿಗೂ ಒಂದೇ ಅಳತೆ, ಯಂತ್ರಕ್ಕೆ ಭೇದ ತಿಳಿಯದು.

ಎರಡನೆಯ ಸಲ ಮೊದಲಿನಿಂದ ಮಾಡಿದೆ. ರಾತ್ರಿ ಹನ್ನೊಂದರ ಮೇಲೆ, ಕಿಟಕಿ ಮುಚ್ಚಿ, ಪಂಖೆ ಫ್ರಿಜ್ಜು ಎರಡನ್ನೂ ನಿಲ್ಲಿಸಿ, ಅವ್ವನ ಬೆನ್ನಿಗೆ ಸೀರೆಗಳು ತುಂಬಿದ ಕಪಾಟನ್ನು ತೆರೆದಿಟ್ಟು, ಎದುರಿನ ಗೋಡೆಗೆ ಎರಡು ರಜಾಯಿ ಇಳಿಬಿಟ್ಟೆವು. ಬರಿಗೋಡೆಯ ಪ್ರತಿಧ್ವನಿಯನ್ನು ಯಾವ ಕಂಪ್ರೆಸರೂ ತೆಗೆಯಲಾರದು, ಹೆಚ್ಚು ಮಾಡಬಲ್ಲದು. ಮೈಕನ್ನು ಎರಡು ಗೇಣಿನಿಂದ ಒಂದು ಗೇಣಿಗೆ ತಂದೆವು. ದೂರ ಅರ್ಧವಾದರೆ ಬಾಯಿಯ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಲ್ಲಿಯೇ ಇರುತ್ತದೆ. ಕಾಸಿಲ್ಲದೆ ಆದ ಲಾಭ ಇದು. ಅತಿ ಜೋರಿನಲ್ಲಿಯೂ ಸೊನ್ನೆಗಿಂತ ಆರೆಂಟು ಡೆಸಿಬೆಲ್ ಕೆಳಗೇ ಇರುವಂತೆ ನೋಡಿಕೊಂಡೆ. ಛಾವಣಿಗೆ ತಲೆ ತಾಗಿ ಒಡೆದ ದನಿಯನ್ನು ಆಮೇಲೆ ಕಂಪ್ರೆಸರ್ ರಿಪೇರಿ ಮಾಡುತ್ತದೆಂಬುದು ಸುಳ್ಳು ನಂಬಿಕೆ.

ಇನ್ನು ಒತ್ತುವ ಲೆಕ್ಕ. ಮೊದಲು ಎನ್ವಲಪ್ ಎಂಬ ಸಾಧನದಿಂದ, ತೀರ ಇಳಿದ ನುಡಿಗಳನ್ನು ಕೈಯಿಂದಲೇ ತುಸು ಎತ್ತಿದೆ. ರೇಡಿಯೊ ನಿಲಯದ ಆ ಮನುಷ್ಯನ ಹಳೆಯ ಕೆಲಸ ಇದು, ಇಂದಿಗೂ ಇದಕ್ಕಿಂತ ನಯವಾದ ಉಪಾಯವಿಲ್ಲ. ಆಮೇಲೆ ಗಡಿ ಮೈನಸ್ 18, ದರ 2ಕ್ಕೆ 1. ಜೋರಿನ ದನಿ ಮೈನಸ್ 6ರಿಂದ ಮೈನಸ್ 12ಕ್ಕೆ ಇಳಿಯಿತು; ಒಟ್ಟನ್ನು 6 ಡೆಸಿಬೆಲ್ ಎತ್ತಿದೆ. ಜೋರು ಇದ್ದಲ್ಲಿಗೇ ಬಂತು, ಮೆಲ್ಲನೆಯದು 6 ಡೆಸಿಬೆಲ್ ಮೇಲೆದ್ದಿತು. ಅಟ್ಯಾಕ್ 15 ಮಿಲಿಸೆಕೆಂಡಿನ ಹತ್ತಿರ; ತೀರ ಚುರುಕಾಗಿಟ್ಟರೆ ಕ, ತ, ಪ ಮೊದಲಾದ ಅಕ್ಷರಗಳ ಮೊನೆ ಮುರಿದು ಹಾಡು ಮಂಕಾಗುತ್ತದೆ. ರಿಲೀಸ್ 200 ಮಿಲಿಸೆಕೆಂಡು. ತೀರ ಕಡಿಮೆಯಾದರೆ ಪಂಖೆಯ ಉಸಿರಾಟ ಕೇಳುತ್ತದೆ. ಇವು ನಮ್ಮ ಅವ್ವನ ದನಿಯ ಅಳತೆಗಳು. ನಿಮ್ಮ ಮನೆಯವರ ದನಿಗೆ ನಿಮ್ಮ ಕಿವಿಯೇ ದರ್ಜಿ. ಯಾರಾದರೂ ಕೇಳಿ, "ಏನೋ ಯಂತ್ರ ಹಾಕಿದ್ದೀರಿ" ಎಂದರೆ ಹೆಚ್ಚಾಯಿತೆಂದೇ ಅರ್ಥ.

ಈ ಮುದ್ರಿಕೆಯನ್ನು ಕೇಳಿದ ಚಿಗವ್ವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಸೆರಗ ಹಿಡದ ಅಳೂದು ಆದ ಮ್ಯಾಲ ಒಂದ ನುಡಿ ಬಿಟ್ಟಾಳ ನೋಡು" ಎಂದು, ಆ ನುಡಿಯನ್ನು ಫೋನಿನಲ್ಲಿಯೇ ಹಾಡಿದಳು. ಅವಳ ದನಿಯನ್ನೂ ಮುದ್ರಿಸಿಕೊಂಡೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಇದರಲ್ಲಿ ನಾನು ಎಣಿಸಿರದ ಇನ್ನೊಂದು ಸಂಗತಿ ಹೊರಬಿತ್ತು. ಮೂರೂ ಮುದ್ರಿಕೆಗಳನ್ನು ಅವ್ವನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಒತ್ತದ ಮೊದಲನೆಯದನ್ನು ಕೇಳಿ, "ಕಡೀದು ಕೇಳಸೂದಿಲ್ಲ" ಎಂದಳು. ದನಿ ಹೆಚ್ಚಿಸಿದೆ, "ಏ ಸಾಕ ಸಾಕು, ಕಿವಿ ಒಡೀತಾವ" ಎಂದು ತೆಗೆದುಹಾಕಿದಳು. ನಯವಾದ ಮುದ್ರಿಕೆಗೂ ಅದೇ ದೂರು. ಊರೆಲ್ಲ ಬೈದ ಆ ಒದರುವ ಮುದ್ರಿಕೆ ಹಾಕಿದಾಗ ಮಾತ್ರ ಅವಳ ಮುಖ ಅರಳಿತು. "ಇದ ಚೊಲೋ ಐತಿ ತಮ್ಮಾ. ಎಲ್ಲಾ ಮಾತೂ ಸ್ವಚ್ಛ ಕೇಳತಾವ."

ನನಗೆ ಅರ್ಥವಾಗಲಿಲ್ಲ. ನನ್ನಾಕೆಗೆ ಅರ್ಥವಾಯಿತು. "ಅತ್ತಿಯವರಿಗೆ ಕಿವಿ ಮಂದ ಆಗ್ಯಾವರೀ. ನಾ ಮೆಲ್ಲಕ ಕರದರ ಓಗೊಡೂದಿಲ್ಲ, ಜೋರ ಕರದರ 'ಯಾಕ ಚೀರತಿ' ಅಂತಾರ. ನೀವು ಅದನ್ನ ಅತ್ತಿ ಸೊಸಿ ಜಗಳಾ ಅಂತ ತಿಳಕೊಂಡೀರಿ" ಎಂದಳು. ಆ ಮಾತು ನಾಟಿತು. ಒಂದು ವರುಷದಿಂದ ಅವ್ವ ಟಿ.ವಿ. ಮುಂದಿನಿಂದ ಎದ್ದುಹೋಗುತ್ತಿದ್ದುದು, ಮೊಮ್ಮಗಳ ಮಾತಿಗೆ ಸುಮ್ಮನೆ ನಗುತ್ತಿದ್ದುದು, ಎಲ್ಲವನ್ನೂ ನಾನು ವಯಸ್ಸಿನ ಮೇಲೆ, ಮರೆವಿನ ಮೇಲೆ ಹಾಕಿ ಕಡತ ಮುಚ್ಚಿದ್ದೆ.

ಕಿವಿಯ ವೈದ್ಯರಲ್ಲಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದೆವು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250 ಹರ್ಟ್ಸಿನಿಂದ 8000 ಹರ್ಟ್ಸಿನವರೆಗೆ ಒಂದೊಂದೇ ಸ್ವರ ಕೇಳಿಸಿ, ಎಷ್ಟು ಮೆಲ್ಲಗಾದರೆ ಕೇಳದೆಂದು ನಕ್ಷೆ ಬರೆದರು. ಮೇಲಿನ ಸ್ವರಗಳು ಬಹಳ ಕುಂದಿವೆ. ಸ, ಶ, ತ ಮೊದಲಾದ ಅಕ್ಷರಗಳ ಸದ್ದು ಇರುವುದು ಅಲ್ಲಿಯೇ. ವಯಸ್ಸಾದ ಕಿವಿಯ ಗುಣ ಏನೆಂದು ಪರೀಕ್ಷಿಸಿದಾಕೆ ತಿಳಿಸಿದರು. ಮೆಲ್ಲನೆಯದು ಕೇಳದು, ಆದರೆ ಜೋರಾದದ್ದು ಎಲ್ಲರಿಗೆ ಹೇಗೋ ಹಾಗೆಯೇ ಜೋರಾಗಿ ಬಡಿಯುತ್ತದೆ. ನಡುವಿನ ದಾರಿ ಕಿರಿದಾಗಿರುತ್ತದೆ. ಬರಿದೆ ದನಿ ಹೆಚ್ಚಿಸುವ ಯಂತ್ರ ಇದಕ್ಕೆ ಸಾಲದು. ಆದ್ದರಿಂದ ಈಗಿನ ಶ್ರವಣಯಂತ್ರಗಳು ಮೆಲ್ಲನೆಯದನ್ನು ಹೆಚ್ಚಾಗಿಯೂ, ಜೋರಿನದನ್ನು ಕಡಿಮೆಯಾಗಿಯೂ ಎತ್ತಿ, ಎಲ್ಲವನ್ನೂ ಆ ಕಿರುದಾರಿಯಲ್ಲಿ ಹಾಯಿಸುತ್ತವೆ. "ಇದಕ್ಕೆ ಏನೆನ್ನುತ್ತಾರೆ?" ಎಂದು ಕೇಳಿದೆ. "ಕಂಪ್ರೆಶನ್" ಎಂದರು. ನನ್ನಾಕೆ ನನ್ನ ಮುಖ ನೋಡಿದಳು.

ಹದಿನೆಂಟು ಸಾವಿರ, ಅದರ ಮೇಲೆ ಇನ್ನಷ್ಟು ಸೇರಿಸಿ, ಮೊದಲಿಗೆ ಒಂದು ಕಿವಿಗೆ ಯಂತ್ರ ತಂದೆವು. ಇನ್ನೊಂದು ಕಿವಿಯದು ತುಟ್ಟಿಭತ್ಯೆಯ ಬಾಕಿ ಬಂದ ಮೇಲೆ. ಮೊದಲ ವಾರ ಅವ್ವ, "ಪಾತ್ರಿ ಸಪ್ಪಳಾ ಭಾಳ" ಎಂದು ತೆಗೆದಿಡುತ್ತಿದ್ದಳು. ಎರಡು ಸಲ ಹೋಗಿ ಹೊಂದಿಸಿಕೊಂಡು ಬಂದ ಮೇಲೆ, ಈಗ ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಾಳೆ. ಮರೆವು ಹೋಗಿದೆಯೆಂದು ನಾನು ಹೇಳುವುದಿಲ್ಲ. ಬಿಟ್ಟ ನುಡಿಗಳು ಈಗಲೂ ಬಿಟ್ಟೇ ಇವೆ. ಆದರೆ ಚಿಗವ್ವನ ಫೋನು ಬಂದರೆ ಅಕ್ಕ ತಂಗಿ ಇಬ್ಬರೂ ಕೂಡಿ ಆ ಹಾಡು ಹಾಡುತ್ತಾರೆ; ಬಿಟ್ಟ ನುಡಿಯ ಜಾಗದಲ್ಲಿ ಚಿಗವ್ವ ಒಬ್ಬಳೇ ಹಾಡುತ್ತಾಳೆ, ಅವ್ವ ಕೇಳಿಸಿಕೊಂಡು ಮುಂದಿನದಕ್ಕೆ ದನಿಗೂಡಿಸುತ್ತಾಳೆ.

ವಾಚಕರಿಗೆ ಉಪಯೋಗವಾಗುವ ಎರಡು ಮೂರು ಮಾತು ಹೇಳಿ ಮುಗಿಸುತ್ತೇನೆ. ಮುದ್ರಿಸಿದ ಮೂಲವನ್ನು ಡಬ್ಲ್ಯು.ಎ.ವಿ. ರೂಪದಲ್ಲಿ, ಏನೂ ಒತ್ತದೆ, ಎರಡು ಬೇರೆ ಬೇರೆ ಕಡೆ ಕಾದಿಡಿ. ಒತ್ತುವುದೇನಿದ್ದರೂ ಅದರ ಪ್ರತಿಯ ಮೇಲೆ. ಬಂಧು ಬಳಗದವರು ಬಸ್ಸಿನಲ್ಲಿ, ಲೋಕಲ್ಲಿನಲ್ಲಿ ಫೋನಿನ ಮೇಲೆ ಕೇಳುವುದಕ್ಕೆ ಒಂದು ಪ್ರತಿ. ಮನೆಯಲ್ಲಿ ಸಮಾಧಾನದಿಂದ ಕೇಳುವುದಕ್ಕೆ ನಯವಾದದ್ದೊಂದು. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಮೊದಲಿಗೆ ಬಾಯಿಂದಲೇ ಹೇಳಿಸಿ. ಹಾಡಿದವರಿಗೆ ತಪ್ಪದೆ ಕೇಳಿಸಿ. ಕೇಳಿಸುವಾಗ ಅವರ ಮುಖ ನೋಡಿ. ಏನಾದರೂ ಅನುಮಾನ ಬಂದರೆ ವಯಸ್ಸಾಯಿತೆಂದು ಬಿಡಬೇಡಿ. ನಮ್ಮ ಕಡೆಯವರಿಗೆ ಹತ್ತಿರವಾದದ್ದು ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ. ಊರ ಕಡೆ ಇರುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡೂ ಕಡೆ ಕಿವಿಯ ಪರೀಕ್ಷೆ ನಡೆಯುತ್ತದೆ.

ಕಲ್ಯಾಣದ ಹಿರಿಯರಿಗೆ ಆಡಾಸಿಟಿಯ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಅವರ ಮನೆಯವರ ಹಾಡು ಕೇಳಲು ಬರುವ ಭಾನುವಾರ ಹೋಗುವವನಿದ್ದೇನೆ. ಈ ನಡುವೆ ನಮ್ಮ ಮನೆಯಲ್ಲಿ ಇನ್ನೊಂದು ತೊಂದರೆ ಶುರುವಾಗಿದೆ. ನಾನೂ ನನ್ನಾಕೆಯೂ ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದಕ್ಕೆ ಹೊರಗಿನ ಕೋಣೆಯಿಂದ ಅವ್ವ ಉತ್ತರ ಕೊಡುತ್ತಾಳೆ.